ದಾರಿಗೆ ಕಣ್ಣು ಕೊಟ್ಟ ಪರ್ಸಿ ಷಾ

ರಾಯಪುರಂನಲ್ಲಿ ನೆಲೆಸಿರುವ ನಮ್ಮವರಲ್ಲಿ ಅನೇಕರು ಹೋಟೆಲಿನ ಬಾಗಿಲು ಮುಚ್ಚಿದ ಬಳಿಕವೇ ಬಿಡಾರದ ದಾರಿ ಹಿಡಿಯತಕ್ಕವರು. ಲಾರಿಯ ದೀಪ ಬಿದ್ದೊಡನೆ ದೊಡ್ಡ ರಸ್ತೆಗಳ ನಡುವೆ ಮಿನುಗುವ ಸಣ್ಣ ಗುಬಟುಗಳು ಅವರಿಗೆ ಅಪರಿಚಿತವಲ್ಲ. ಈ ಏರ್ಪಾಡಿಗೆ ಕಾರಣರಾದ ಮಹನೀಯರ ಚರಿತ್ರೆಯನ್ನು ವಾಚಕರ ಮುಂದಿಡಬಯಸುತ್ತೇವೆ.

ಪರ್ಸಿ ಷಾ ಅವರು 1890ರ ಏಪ್ರಿಲ್ 15ರಂದು ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ, ಹ್ಯಾಲಿಫ್ಯಾಕ್ಸ್ ಪಟ್ಟಣದ ಸಮೀಪ, ಬಡ ಕುಟುಂಬದಲ್ಲಿ ಜನಿಸಿದರು. ತಂದೆ ಗಿರಣಿಯ ಕೂಲಿಕಾರರು. ಮನೆಯಲ್ಲಿ ಮಕ್ಕಳು ಬಹಳ. ಹದಿಮೂರನೆಯ ವಯಸ್ಸಿಗೇ ಶಾಲೆ ಬಿಟ್ಟು ಗಿರಣಿ ಸೇರಿದ ಷಾ, ಮುಂದೆ ಯಂತ್ರಗಳ ರಿಪೇರಿಯನ್ನು ಕಲಿತು, ಡಾಂಬರು ಹಾಕುವ ಕಂಟ್ರಾಕ್ಟು ಕೆಲಸವನ್ನು ಕೈಗೊಂಡರು.

ಮಂಜು ಕವಿದ ರಾತ್ರಿಗಳಲ್ಲಿ ಟ್ರಾಮ್ ಕಂಬಿಗಳ ಹೊಳಪೇ ಅವರ ಕಾರಿಗೆ ದಾರಿ ತೋರುತ್ತಿತ್ತು. ಕಂಬಿಗಳನ್ನು ಕಿತ್ತ ಮೇಲೆ ಆ ಆಸರೆಯೂ ತಪ್ಪಿತು. 1933ರಲ್ಲಿ ಬೆಕ್ಕೊಂದರ ಕಣ್ಣು ಹೊಳೆದು ಪ್ರಾಣವುಳಿಯಿತೆಂಬ ಕಥೆಯೂ ಪ್ರಸಿದ್ಧವಾಗಿದೆ. ಬೆಳಕನ್ನು ಬಂದತ್ತಲೇ ಹಿಂದಿರುಗಿಸುವ ಗಾಜಿಗೆ 1927ರಲ್ಲಿಯೇ ರಿಚರ್ಡ್ ಹಾಲಿನ್ಸ್ ಮರೆ ಎಂಬವರು ಪೇಟೆಂಟ್ ಪಡೆದಿದ್ದರು. ಆ ಋಣವನ್ನು ಷಾ ಒಪ್ಪಿಕೊಂಡಿದ್ದರು. ಮರೆಯವರು ವೃತ್ತಿಯಿಂದ ಲೆಕ್ಕಪತ್ರದವರೆಂಬುದನ್ನು ನಮ್ಮ ಗುಮಾಸ್ತ ಬಂಧುಗಳು ಗಮನಿಸಬೇಕು.

ಷಾ ಅವರ ಜಾಣ್ಮೆಯೆಲ್ಲ ಆ ಗಾಜನ್ನು ರಸ್ತೆಯಲ್ಲಿ ಬಾಳಿಸಿದುದರಲ್ಲಿದೆ. ಎರಕದ ಕಬ್ಬಿಣದ ತಳದೊಳಗೆ ರಬ್ಬರು. ರಬ್ಬರಿನಲ್ಲಿ ಎರಡು ಜೊತೆ ಗಾಜಿನ ಕಣ್ಣು. ಚಕ್ರ ಹತ್ತಿದಾಗ ಕಣ್ಣು ಒಡೆಯದೆ ಒಳಗಿಳಿಯುವುದು. ಆಗ ತಳದಲ್ಲಿ ನಿಂತ ಮಳೆನೀರೂ ರಬ್ಬರೂ ಸೇರಿ, ರೆಪ್ಪೆ ಬಡಿದಂತೆ, ಅದನ್ನು ತೊಳೆದೊರಸುವುವು. 1935ರಲ್ಲಿ ಅವರು ಕಂಪನಿ ಸ್ಥಾಪಿಸಿದರು. ಎರಡನೆಯ ಮಹಾಯುದ್ಧದಲ್ಲಿ ಬೀದಿದೀಪಗಳನ್ನು ಆರಿಸಬೇಕಾಗಿ ಬಂದಾಗ ಈ ಕಣ್ಣುಗಳ ಬೆಲೆ ದೇಶಕ್ಕೆ ತಿಳಿಯಿತು. 1965ರಲ್ಲಿ ಸರ್ಕಾರವು ಅವರಿಗೆ ಓ.ಬಿ.ಇ. ಗೌರವವನ್ನಿತ್ತಿತು. ಶ್ರೀಮಂತರಾದರೂ ಅವಿವಾಹಿತರಾಗಿ, ಬಾಲ್ಯದ ಮನೆಯಲ್ಲಿಯೇ, ಪರದೆ ಜಮಖಾನೆಗಳಿಲ್ಲದೆ ಬಾಳಿದ ಅವರು 1976ರ ಸೆಪ್ಟೆಂಬರ್ 1ರಂದು ತೀರಿಕೊಂಡರು.

ಈ ಕಣ್ಣಿಗೆ ಸ್ವಂತ ಬೆಳಕಿಲ್ಲ. ದೀಪ ಹೊತ್ತು ಬರುವವನಿಗೆ ಮಾತ್ರ ಅದು ಹೊಳೆಯುವುದು. ಕಾಲ್ನಡಿಗೆಯವನ ಕೈಯಲ್ಲಿ ದೀಪವೆಲ್ಲಿದೆ? ಈ ಕೊರತೆಯನ್ನು ನೀಗಲು 1990ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಜನ ದಾಟುವ ಕಡೆಗಳಲ್ಲಿ ರಸ್ತೆಯೊಳಗೇ ಮಿಣುಕುವ ಎಚ್ಚರಿಕೆ ದೀಪಗಳನ್ನು ಕೂರಿಸಿದರು. ದಾಟುವವನು ಬಂದಾಗ ಅವು ಮಿನುಗಿ ಚಾಲಕನನ್ನು ಎಚ್ಚರಿಸುವುವು. ಈಚೆಗೆ ಇಂಥ ದೀಪಗಳೊಳಗೆ ಬ್ಯಾಟರಿಯನ್ನಿಟ್ಟು, ತಂತಿಯಿಲ್ಲದೆ ಸಂಕೇತ ಕಳುಹಿಸುವ ಏರ್ಪಾಡು ಬಂದಿರುವುದರಿಂದ, ತಂತಿಗಾಗಿ ರಸ್ತೆಯುದ್ದಕ್ಕೂ ಅಗೆಯುವ ವೆಚ್ಚವೂ ತಪ್ಪಿದೆ.

ಹೋಟೆಲು ಕೆಲಸಗಾರರು ನಡೆದು ದಾಟುವ ಬಂದರಿನ ಬಳಿಯ ರಸ್ತೆಗಳಿಗೆ ಇಂಥ ದೀಪಗಳು ಅಗತ್ಯವೆಂಬುದು ನಮ್ಮ ಅಭಿಪ್ರಾಯ. ರಸ್ತೆಯ ಕಣ್ಣು ಹೊಳೆದ ಮಾತ್ರಕ್ಕೆ ತಾವೂ ಚಾಲಕನಿಗೆ ಕಾಣಿಸಿದೆವೆಂದು ಬಂಧುಗಳು ಭಾವಿಸದಿರಲಿ.