ತಂತಿಯ ತೊಡಕಿನೊಡನೆ ಸೆಣಸಿದ ಸೀಮೋರ್ ಕ್ರೇ

ಮಹಾಗಣಕಯಂತ್ರಗಳ ಪಿತಾಮಹರೆಂದು ಲೋಕವು ಕೊಂಡಾಡುವ ಸೀಮೋರ್ ಕ್ರೇ ಅವರು ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಚಿಪ್ಪೆವಾ ಫಾಲ್ಸ್ ಎಂಬ ಚಿಕ್ಕ ಊರಿನಲ್ಲಿ 1925ರ ಸೆಪ್ಟೆಂಬರ್ 28ರಂದು ಜನಿಸಿದರು. ತಂದೆ ಇಂಜಿನಿಯರರು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ರೇಡಿಯೋ ಕಾರ್ಯವನ್ನು ನಿರ್ವಹಿಸಿದ ಕ್ರೇ ಅವರು ತರುವಾಯ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ವಿದ್ಯುತ್ ಇಂಜಿನಿಯರಿಂಗನ್ನೂ ಗಣಿತವನ್ನೂ ವ್ಯಾಸಂಗ ಮಾಡಿದರು.

ಕಂಟ್ರೋಲ್ ಡೇಟಾ ಸಂಸ್ಥೆಯಲ್ಲಿದ್ದಾಗ ಪಟ್ಟಣದ ಗದ್ದಲವನ್ನು ತೊರೆದು, ಹುಟ್ಟೂರಿನಲ್ಲಿಯೇ ಪ್ರಯೋಗಶಾಲೆಯನ್ನು ಕಟ್ಟಿಸಿಕೊಂಡರು. 1964ರಲ್ಲಿ ಹೊರಬಂದ ಅವರ 6600 ಯಂತ್ರವು ಅಂದು ಜಗತ್ತಿನಲ್ಲಿಯೇ ಅತಿ ವೇಗದ್ದೆನಿಸಿತು. ಆದರೆ ವೇಗವು ಹೆಚ್ಚಿದಂತೆಲ್ಲ ತಂತಿಯ ಉದ್ದವೇ ಅಡ್ಡಿಯಾಗತೊಡಗಿತು. ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನಲ್ಲಿ ಬೆಳಕೇ ಸುಮಾರು 30 ಸೆಂಟಿಮೀಟರು ಮಾತ್ರ ಸಾಗುತ್ತದೆ. ತಂತಿಯೊಳಗಣ ಸಂಕೇತವು ಅದಕ್ಕಿಂತಲೂ ನಿಧಾನ. ಆದುದರಿಂದ 1976ರಲ್ಲಿ ಬಂದ ಕ್ರೇ-1 ಯಂತ್ರವನ್ನು ಇಂಗ್ಲಿಷಿನ ಸಿ ಅಕ್ಷರದಂತೆ ಬಾಗಿಸಿ, ಅದರ ಒಳಬದಿಯಲ್ಲಿ ತಂತಿಗಳನ್ನು ಕೈಯಿಂದಲೇ ಹೆಣೆಯಿಸಿ, ಯಾವುದೂ ಸುಮಾರು ನಾಲ್ಕು ಅಡಿಯನ್ನು ಮೀರದಂತೆ ಏರ್ಪಡಿಸಿದರು. 1985ರ ಕ್ರೇ-2 ಯಂತ್ರದಲ್ಲಿ ಭಾಗಗಳು ಮತ್ತಷ್ಟು ಒತ್ತಾಗಲು, ಕಾವನ್ನು ಕಳೆಯುವುದಕ್ಕಾಗಿ ಅವನ್ನು ವಿದ್ಯುತ್ ಹರಿಯದ ದ್ರವದಲ್ಲಿ ಮುಳುಗಿಸಬೇಕಾಯಿತು.

ಅಷ್ಟರಲ್ಲಿ ಸಾವಿರಾರು ಸಣ್ಣ ಗಣಕಗಳನ್ನು ಏಕಕಾಲದಲ್ಲಿ ದುಡಿಸುವ ಸಮಾಂತರ ಪದ್ಧತಿಯು ತಲೆಯೆತ್ತಿತು. ಕೆಲವೇ ಬಲಿಷ್ಠ ಗಣಕಗಳನ್ನು ನೆಚ್ಚಿದ್ದ ಕ್ರೇ ಅವರಿಗೆ ಅದರಲ್ಲಿ ವಿಶ್ವಾಸವಿರಲಿಲ್ಲ. ಅಲ್ಲಿಯೂ ತಂತಿಯ ತೊಡಕು ತಪ್ಪದು: ಪ್ರತಿಯೊಂದನ್ನೂ ಉಳಿದೆಲ್ಲವುಗಳೊಡನೆ ನೇರವಾಗಿ ಬೆಸೆಯುವುದಾದರೆ 1,000 ಗಣಕಗಳಿಗೆ 4,99,500 ಕೊಂಡಿಗಳು ಬೇಕಾಗುತ್ತವೆ. ಆದರೂ ಕಾಲವು ಆ ಪದ್ಧತಿಯ ಕಡೆಗೇ ತಿರುಗಿತು. 1995ರಲ್ಲಿ ಕ್ರೇ ಅವರ ಕಂಪನಿಯು ದಿವಾಳಿಯಾಯಿತು. ಎಪ್ಪತ್ತರ ವಯಸ್ಸಿನಲ್ಲಿ ಅವರು ಹಟವನ್ನು ಬಿಟ್ಟು, ತಾವು ಒಲ್ಲದಿದ್ದ ಸಮಾಂತರ ಪದ್ಧತಿಯನ್ನೇ ಕೈಗೊಂಡು 1996ರಲ್ಲಿ ಹೊಸ ಸಂಸ್ಥೆಯನ್ನು ಸ್ಥಾಪಿಸಿದರು. ಕೆಲವೇ ವಾರಗಳಲ್ಲಿ ಮೋಟಾರು ಅಪಘಾತಕ್ಕೆ ಸಿಲುಕಿ, ಅಕ್ಟೋಬರ್ 5ರಂದು ಕೀರ್ತಿಶೇಷರಾದರು.

ಅವರು ಜೀವಮಾನವಿಡೀ ಸೆಣಸಿದ ತೊಡಕನ್ನು ಇಂದು ಬೆಳಕು ಬಹುಮಟ್ಟಿಗೆ ಹಗುರಗೊಳಿಸಿದೆ. ಮಹಾಗಣಕಗಳ ಬೀರುಗಳ ನಡುವೆ ಕೂದಲಿನಷ್ಟು ತೆಳುವಾದ ಗಾಜಿನ ಎಳೆಗಳು ಸಂದೇಶವನ್ನು ಒಯ್ಯುತ್ತವೆ. ದೂರ ಸಾಗಿದರೂ ಸಂಕೇತವು ಸೊರಗುವುದು ಅತ್ಯಲ್ಪ. ಹಲವು ಬಣ್ಣದ ಕಿರಣಗಳು ಒಂದೇ ಎಳೆಯಲ್ಲಿ ಒಂದನ್ನೊಂದು ಕೆಡಿಸದೆ ಚಲಿಸುವುದರಿಂದ ಅನೇಕ ತಂತಿಗಳ ಕೆಲಸವನ್ನು ಒಂದೇ ಎಳೆ ನೆರವೇರಿಸಬಲ್ಲದು. ಈ ಬೆಳಕಿನ ಕೊಂಡಿಗಳನ್ನು ಗಣಕದ ಬಿಲ್ಲೆಯ ಸನಿಹಕ್ಕೇ ತರುವ ಯತ್ನವೂ ನಡೆದಿದೆ.

ಕಾಯಕದಲ್ಲಿ ನಿಷ್ಠೆಯಿಟ್ಟವರು ಅನೇಕರು. ಸೋಲಿನ ತರುವಾಯ, ಇಳಿವಯಸ್ಸಿನಲ್ಲಿ, ತಮ್ಮ ಮತವನ್ನು ತಾವೇ ತಿದ್ದಿಕೊಂಡು ಮತ್ತೆ ಮೊದಲಿನಿಂದ ಕಾಯಕಕ್ಕೆ ತೊಡಗುವವರು ವಿರಳ. ಕ್ರೇ ಅವರು ಅಂಥ ವಿರಳರಲ್ಲಿ ಒಬ್ಬರು.