ಪೀಠವೇರದ ಮುಂದಾಳು ಫ್ರೆಡರಿಕ್ ಓಝಾನಾಂ

ಸಂತ ವಿನ್ಸೆಂಟ್ ಡಿ ಪಾಲ್ ಸಭೆಯನ್ನು ನಾವೆಲ್ಲರೂ ಬಲ್ಲೆವು. ಅದನ್ನು ಸ್ಥಾಪಿಸಿದವರು ಗುರುಗಳಲ್ಲ, ಶ್ರೀಸಾಮಾನ್ಯರು. ಅವರಲ್ಲಿ ಬಹುತೇಕರು ವಿದ್ಯಾರ್ಥಿಗಳು. 1813ರಲ್ಲಿ ಮಿಲಾನಿನಲ್ಲಿ ಜನಿಸಿದ ಫ್ರೆಡರಿಕ್ ಓಝಾನಾಂ ಆಗ ಪ್ಯಾರಿಸಿನಲ್ಲಿ ಕಾನೂನು ಓದುತ್ತಿದ್ದರು. ಧರ್ಮಸಭೆ ಬಡವರಿಗಾಗಿ ಈಗ ಮಾಡುತ್ತಿರುವುದಾದರೂ ಏನೆಂದು ಓರಗೆಯವರು ಹಂಗಿಸಿದಾಗ, ಬರಿಯ ವಾದ ಸಾಲದೆಂದು ಮನಗಂಡು 1833ರ ಏಪ್ರಿಲಿನಲ್ಲಿ ಗೆಳೆಯರನ್ನು ಕೂಡಿಕೊಂಡರು. ಅಧ್ಯಕ್ಷರಾದವರು ಹಿರಿಯರಾದ ಎಮ್ಮಾನುಯೆಲ್ ಬಾಯಿ. ಓಝಾನಾಂ ಆ ಪೀಠವನ್ನು ಎಂದೂ ಏರಲಿಲ್ಲ. ಬಡವರ ಮನೆಗಳ ದಾರಿ ತೋರಿದವರು ಸಿಸ್ಟರ್ ರೊಸಾಲಿ ರಾಂದ್ಯು.

ಕಷ್ಟ ಎದುರಾದದ್ದು ಸಂಘ ಬೆಳೆದಾಗ. 1834ರ ಅಂತ್ಯಕ್ಕೆ ಸದಸ್ಯರು ನೂರನ್ನು ಮೀರಿದರು. ಸಂಘವನ್ನು ವಿಭಾಗಿಸೋಣವೆಂದು ಓಝಾನಾಂ ಸೂಚಿಸಿದರು. ಒಡನಾಟವೇ ಕಡಿದುಹೋದೀತೆಂದು ಹಲವರು ವಿರೋಧಿಸಿದರು, ಕೆಲವರು ಕಣ್ಣೀರಿಟ್ಟರು. ಸಂಬಳವಿಲ್ಲದ ಸೇವೆಯಲ್ಲಿ ಜನರನ್ನು ಹಿಡಿದಿಡುವುದು ಸ್ನೇಹವೇ ಆದ್ದರಿಂದ ಆ ಅಂಜಿಕೆಯನ್ನು ನಾವು ಹಗುರವಾಗಿ ಎಣಿಸಲಾರೆವು. ಆದರೆ ನೂರು ಮಂದಿಯ ಕೂಟದಲ್ಲಿ ಹೊಸಬನಿಗೆ ಕೆಲಸವೆಲ್ಲಿ ಉಳಿದೀತು? 1835ರಲ್ಲಿ ಧರ್ಮಕೇಂದ್ರಗಳಿಗೆ ಅನುಸಾರವಾಗಿ ವಿಭಾಗವಾಯಿತು. ಸಂಘ ಊರೂರಿಗೆ ಹಬ್ಬಿದ್ದು ಆ ಬಳಿಕವೇ.

ಮುಂದೆ ಸೊರ್ಬೊನ್ ವಿದ್ಯಾಪೀಠದಲ್ಲಿ ಪ್ರಾಧ್ಯಾಪಕರಾದಾಗಲೂ ಅವರು ಬಡವರ ಸೇವೆಯನ್ನು ಬಿಡಲಿಲ್ಲ. 1853ರ ಸೆಪ್ಟೆಂಬರ್ 8ರಂದು, ಮಾತೆ ಮರಿಯಳ ಜನನದ ಹಬ್ಬದ ದಿನ, ಮಾರ್ಸೇಲ್ಸಿನಲ್ಲಿ ದೈವಾಧೀನರಾದರು. ಆಗ ಅವರಿಗೆ ಕೇವಲ 40 ವರ್ಷ. 1997ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಪ್ಯಾರಿಸಿನಲ್ಲಿಯೇ ಅವರನ್ನು ಪುನೀತರೆಂದು ಸಾರಿದರು.