ದುಡಿವವರ ಬಂಧು ದೇವರಾಜ ಅರಸರು

ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ. ಅಟ್ಟಕ್ಕೇರಿಸಿದ ಬಲಿತ ಕಾಯಿ ಒಳಗಿನ ನೀರು ಬತ್ತಿ ಉಂಡೆಕೊಬ್ಬರಿಯಾಗಲು ಸುಮಾರು ಒಂದು ವರ್ಷ ಬೇಕು. ಹೊಟ್ಟೆಯಾದರೋ ಒಂದು ದಿನವೂ ಕಾಯದು. ತೋಟವುಳ್ಳವನೇ ಈ ನಡುವೆ ಕೈಸಾಲಕ್ಕೆ ಹೋಗಬೇಕಾದರೆ, ಕಾಯಿ ಸುಲಿದು ಕೂಲಿಯಿಂದ ಬದುಕುವ ಸಂಸಾರದ ಪಾಡೇನು? ಪರರ ಹೊಲವನ್ನು ಗೇಣಿಗೆ ಹಿಡಿದವನ ಪಾಡೇನು? ದಾನಿಯ ಕರುಣೆಯಿಂದ ಒಂದು ಹೊತ್ತು ಕಳೆದೀತು, ಬಾಳು ಕಳೆಯದು. ದುಡಿಮೆಯ ಫಲವು ದುಡಿದವನ ಮನೆಗೇ ಸೇರುವಂತೆ ರಾಜ್ಯದ ಶಾಸನವೇ ಬೆಂಬಲವಾಗಿ ನಿಲ್ಲಬೇಕೆಂದು ಬಗೆದು ಹಾಗೆಯೇ ನಡೆಸಿದವರು ಶ್ರೀ ಡಿ. ದೇವರಾಜ ಅರಸರು. ಕಾಯಕ ದಾಸೋಹಗಳನ್ನು ನೆಚ್ಚಿದ ಸದ್ಭಕ್ತರು ಅವರ ಜೀವನವನ್ನು ಮನನ ಮಾಡುವುದು ಉಚಿತವಾಗಿದೆ.

ಅರಸರು 1915ನೆಯ ಇಸವಿ ಆಗಸ್ಟ್ 20ರಂದು ಮೈಸೂರು ಜಿಲ್ಲೆ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ ಜನಿಸಿದರು. ಅವರ ಸಮುದಾಯಕ್ಕೆ ಮೈಸೂರು ರಾಜಮನೆತನದ ಸಂಬಂಧವಿದ್ದರೂ ಅದು ಸಂಖ್ಯೆಯಲ್ಲಿ ಅತ್ಯಲ್ಪವಾದುದು. ಬೆಂಗಳೂರಿನಲ್ಲಿ ಪದವಿಯವರೆಗೆ ಓದಿದ ಮೇಲೆ ಅವರು ಹುದ್ದೆಯನ್ನರಸದೆ ಊರಿಗೆ ಮರಳಿ ಬೇಸಾಯಕ್ಕೆ ಕೈಹಾಕಿದರು. ಮಣ್ಣಿನ ಕಷ್ಟವನ್ನು ಅವರು ಗ್ರಂಥದಿಂದಲ್ಲ, ನೇಗಿಲಿನಿಂದ ಅರಿತರೆನ್ನಬೇಕು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. ಮರುವರ್ಷದ ಸ್ವಾತಂತ್ರ್ಯ ಚಳುವಳಿಯಲ್ಲಿ ಸೆರೆಮನೆಯನ್ನೂ ಕಂಡರು. ಸ್ವಾತಂತ್ರ್ಯಾನಂತರ ಹುಣಸೂರಿನ ಜನರು ಅವರನ್ನು ಹಲವು ಬಾರಿ ಶಾಸನಸಭೆಗೆ ಕಳುಹಿಸಿದರು. 1969ರಲ್ಲಿ ಕಾಂಗ್ರೆಸ್ಸು ಇಬ್ಭಾಗವಾದಾಗ ಅವರು ಶ್ರೀಮತಿ ಇಂದಿರಾಗಾಂಧಿಯವರ ಪಕ್ಷದಲ್ಲಿ ನಿಂತರು. 1972ರ ಮಾರ್ಚ್ ತಿಂಗಳಲ್ಲಿ ಮುಖ್ಯಮಂತ್ರಿಗಳಾದರು. ಮರುವರ್ಷ ನವೆಂಬರ್ 1ರಂದು ಮೈಸೂರು ರಾಜ್ಯವು ಕರ್ನಾಟಕವೆಂಬ ಹೆಸರನ್ನು ಪಡೆದದ್ದೂ ಅವರ ಕಾಲದಲ್ಲಿಯೇ.

ಭೂಸುಧಾರಣೆಯ ಕಾನೂನು 1961ರಿಂದಲೇ ಇದ್ದಿತಾದರೂ ಗೇಣಿದಾರನಿಗೆ ಅದರಿಂದಾದ ಲಾಭ ಸ್ವಲ್ಪವೇ. ಅರಸರ ಸರ್ಕಾರವು ಅದನ್ನು ತಿದ್ದಿ, 1974ರ ಮಾರ್ಚ್ 1ರಿಂದ ಗೇಣಿಯ ಭೂಮಿಯೆಲ್ಲ ಸರ್ಕಾರಕ್ಕೆ ಸೇರುವಂತೆಯೂ, ಉಳುವವನು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ಅದನ್ನು ತನ್ನದಾಗಿಸಿಕೊಳ್ಳುವಂತೆಯೂ ಮಾಡಿತು. ಇದರ ತೀರ್ಮಾನಕ್ಕೆ ತಾಲ್ಲೂಕುಗಳಲ್ಲಿ ಭೂನ್ಯಾಯಮಂಡಳಿಗಳು ಏರ್ಪಟ್ಟವು. ಅವುಗಳ ಮುಂದೆ ವಕೀಲರು ವಾದಿಸಕೂಡದೆಂಬ ನಿಯಮವಿದ್ದಿತು. ಹಣವುಳ್ಳವನ ವಾಗ್ಮಿಗೆ ಎದುರಾಗಿ ಅಕ್ಷರವರಿಯದವನು ಸೋಲಬಾರದೆಂಬುದೇ ಅದರ ಮರ್ಮ. ಪರರ ನೆಲದಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕೃಷಿಕೂಲಿಗಾರನಿಗೆ ಆ ಗುಡಿಸಲಿನ ನೆಲೆಯನ್ನೂ ಅದೇ ಶಾಸನವು ಭದ್ರಪಡಿಸಿತು.

ಭೂಮಿ ದೊರೆತರೂ ಸಾಲವು ಬಿಡದಿದ್ದರೆ ಬಿಡುಗಡೆಯೆಲ್ಲಿ? 1976ರ ಋಣಪರಿಹಾರ ಶಾಸನವು ಸಣ್ಣ ರೈತರು, ಭೂಹೀನ ಕೂಲಿಗಾರರು, ದುರ್ಬಲ ವರ್ಗದವರು ಇವರ ಖಾಸಗಿ ಸಾಲಗಳನ್ನು ತೊಡೆದುಹಾಕಿ, ಒತ್ತೆಯಿಟ್ಟ ಒಡವೆವಸ್ತುಗಳನ್ನು ಮರಳಿಸಬೇಕೆಂದು ವಿಧಿಸಿತು. ಅವರ ಮಂತ್ರಿಮಂಡಲದಲ್ಲಿದ್ದ ಶ್ರೀ ಬಿ. ಬಸವಲಿಂಗಪ್ಪನವರ ಛಲದಿಂದ ತಲೆಯ ಮೇಲೆ ಮಲ ಹೊರುವ ಹೀನ ಪದ್ಧತಿಯು ನಿಷೇಧಗೊಂಡಿತು. ಶ್ರೀ ಎಲ್. ಜಿ. ಹಾವನೂರರ ಅಧ್ಯಕ್ಷತೆಯ ಆಯೋಗವು 1975ರಲ್ಲಿ ವರದಿಯಿತ್ತು, ಹಿಂದುಳಿದವರ ಮಕ್ಕಳಿಗೆ ವಿದ್ಯೆ ಉದ್ಯೋಗಗಳ ಬಾಗಿಲು ತೆರೆಯಲು ದಾರಿತೋರಿತು.

ಇದೆಲ್ಲವೂ ಎಲ್ಲರಿಗೂ ಸುಖ ತಂದಿತೆನ್ನಲಾಗದು. ಭೂಮಿ ಕಳೆದುಕೊಂಡವರೆಲ್ಲ ಸಿರಿವಂತರಾಗಿರಲಿಲ್ಲ. ಗೇಣಿಯಿಂದಲೇ ಬದುಕುತ್ತಿದ್ದ ವಿಧವೆಯರೂ ಅವರಲ್ಲಿದ್ದರು. ಗೇಣಿಯ ಪತ್ರವೂ ಇಲ್ಲದ ಬರಿಗೈ ಕೂಲಿಗಾರನಿಗೆ ಹೊಲದ ಹಕ್ಕು ದಕ್ಕಿದ್ದು ಕಡಿಮೆ. ಹಳೆಯ ಸಾಲ ಹೋದರೂ ಸಹಕಾರ ಸಂಘಗಳು ಹೊಸ ಸಾಲ ಕೊಡದಿದ್ದಲ್ಲಿ ಬಡವನು ಮತ್ತೆ ಸಾಹುಕಾರನ ಬಾಗಿಲಿಗೇ ಹೋಗಬೇಕಾಗುವುದು. ಋಣಪರಿಹಾರವು ಬಂದುದು ತುರ್ತುಪರಿಸ್ಥಿತಿಯ ದಿನಗಳಲ್ಲಿ ಎಂಬುದನ್ನೂ, ಅವರ ಆಡಳಿತದ ಮೇಲಿನ ಆರೋಪಗಳನ್ನು ಗ್ರೋವರ್ ಆಯೋಗವು ವಿಚಾರಿಸಿತೆಂಬುದನ್ನೂ ಮುಚ್ಚಿಡುವುದು ಸತ್ಯಕ್ಕೆ ಸಲ್ಲದು. ಇಂದಿರಾಗಾಂಧಿಯವರಿಂದ ಅಗಲಿದ ಬಳಿಕ 1980ರ ಜನವರಿಯಲ್ಲಿ ಅರಸರು ಅಧಿಕಾರವನ್ನು ತ್ಯಜಿಸಬೇಕಾಯಿತು. 1982ರ ಜೂನ್ 6ರಂದು ಅವರು ದೇಹವನ್ನಿಳಿಸಿದರು.

ಗೇಣಿ ಪಡೆಯುತ್ತಿದ್ದ ಮನೆಯವರೂ, ಗೇಣಿ ಅಳೆಯುತ್ತಿದ್ದ ಮನೆಯವರೂ ಈ ಪುಟವನ್ನು ಓದುತ್ತಿರಬಹುದು. ಇಬ್ಬರೂ ಒಂದೇ ಪ್ರಸಾದವನ್ನು ಸ್ವೀಕರಿಸುವವರು. ಕಾಯಕಕ್ಕೆ ಮೇಲುಕೀಳಿಲ್ಲವೆಂದು ಸಾರಿದ ಶರಣರ ತತ್ತ್ವವನ್ನು ನಾವು ಪೂಜೆಯ ಕೋಣೆಯಲ್ಲಿ ನೆನೆದರೆ ಸಾಲದು. ದಾಸೋಹವು ಉಳ್ಳವನ ಧರ್ಮ. ಕೂಲಿಯು ದುಡಿದವನ ಹಕ್ಕು. ಮೊದಲನೆಯದನ್ನು ಮಾಡಿದೆನೆಂದು ಎರಡನೆಯದನ್ನು ತಡೆಹಿಡಿಯುವಂತಿಲ್ಲ. ನಮ್ಮ ಅಟ್ಟದ ಕಾಯಿ ಕೊಬ್ಬರಿಯಾಗುವವರೆಗೆ ನಾವು ಕಾಯಬಲ್ಲೆವು. ಅದನ್ನು ಸುಲಿದವಳ ಕೂಲಿಯನ್ನು ಮಾತ್ರ ಸಂಜೆಯವರೆಗೂ ಕಾಯಿಸದೆ ಕೊಡುವುದೇ ಅರಸರ ಸ್ಮರಣೆಗೆ ನಾವು ಸಲ್ಲಿಸುವ ನಿಜವಾದ ಗೌರವ.